ಹಿಂದಿನ ಸೀಟಿನ ಪತ್ತೇದಾರ

"ಇನ್ನೂ ಬರ್ತಿದಾರೇನೋ?"

"ಬರ್ತಿದಾರೆ. ನೀನು ಮುಂದೆ ನೋಡು."

"ಎಷ್ಟು ಜನ?"

"ಜೀಪಲ್ಲಿ ಇಬ್ಬರು. ಬೈಕಲ್ಲಿ ಒಬ್ಬ. ಎಕ್ಸಲರೇಟರ್ ತಿರುವೋ, ಇದೇನು ಹೊಲಿಗೆ ಮಿಷನ್ನಾ!"

ತಿರುವಿದ. ಮುಳ್ಳು ಎಂಬತ್ತು ದಾಟಿತು.

ನನ್ನ ಗೆಳೆಯ ದರ್ಜಿ. ಜೀವಮಾನದಲ್ಲಿ ನಲವತ್ತರ ಮೇಲೆ ಗಾಡಿ ಓಡಿಸಿದವನಲ್ಲ. ಅದಕ್ಕೇ ಊರವರು ಅವನಿಗೆ ಬ್ರೇಕು ಅಂತ ಹೆಸರಿಟ್ಟಿದ್ದಾರೆ. ನಾನು ಹಿಂದಿನ ಸೀಟಿನಲ್ಲಿ ಅವನ ಸೊಂಟ ಹಿಡಿದು ಕೂತಿದ್ದೆ. ನನ್ನ ಕಸುಬು ಏನು ಅಂದಿರಾ? ಹೇಳುತ್ತೇನೆ. ಡ್ರಾಪ್ ಕೊಡುತ್ತೇನೆ ಅಂದಿದ್ದೀರಿ, ಟೀ ಬೇರೆ ಕೊಡಿಸಿದ್ದೀರಿ. ಕುಡಿಯುತ್ತ ಕೇಳಿ.

ಕಳುವಾದ ಬೈಕು ಹುಡುಕಿಕೊಡುವುದು ನನ್ನ ಕಸುಬು. ಮೂವತ್ತು ವರ್ಷವಾಯಿತು. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಕಳ್ಳನ ಮುಖ ಓದುವುದಕ್ಕೆ ಅಷ್ಟು ಸಾಕು.

ನಾವು ಊರು ಬಿಟ್ಟು ಅದು ನಾಲ್ಕನೇ ದಿನ. ಒಂಬೈನೂರು ಕಿಲೋಮೀಟರ್ ದಾರಿ. ಬ್ರೇಕುವಿನ ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅಣ್ಣನ ಹಳೇ ಕಪ್ಪು ಬೈಕು ಇವನ ಹತ್ತಿರ ಉಳಿದಿತ್ತು. ಹಾರ್ನ್ ಕೂಗುವುದಿಲ್ಲ, ಐದು ಸಲ ಒದ್ದರೆ ಸ್ಟಾರ್ಟ್. ಅಣ್ಣನ ಮಗಳು ದೂರದ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾಳೆ. ಅಪ್ಪನದು ಅಂತ ಅವಳು ಕೇಳಿದ್ದು ಅದೊಂದೇ ಗಾಡಿ. ಲಾರಿಗೆ ಹಾಕಿ ಕಳಿಸು ಅಂದೆ.

"ಅಣ್ಣನ ಗಾಡೀನ ಮೂಟೆ ಥರ ಕಳಿಸಲ್ಲ ಕಣೋ. ನಾನೇ ಓಡಿಸ್ಕೊಂಡು ಹೋಗಿ ಅವಳ ಕೈಗೆ ಕೊಡ್ತೀನಿ."

ಒಬ್ಬನನ್ನೇ ಬಿಟ್ಟರೆ ಮುಂದಿನ ವರ್ಷ ಮುಟ್ಟುತ್ತಾನೆ. ಅದಕ್ಕೇ ನಾನೂ ಹತ್ತಿದೆ.

ಇಂಥ ಗಾಡಿಯ ಮೇಲೆ ಆ ಮೂವರ ಕಣ್ಣು ಬಿದ್ದಿತ್ತು.

ಜಗಳ ಶುರುವಾದದ್ದು ಬೆಳಿಗ್ಗೆ, ಹೆದ್ದಾರಿ ಪಕ್ಕದ ವಾಟರ್ ಸರ್ವೀಸಿನಲ್ಲಿ. ಬ್ಯಾಗು ಇಳಿಸಿ, ಮೂರು ದಿನದ ಧೂಳು ತೊಳೆಸಲು ಗಾಡಿ ಬಿಟ್ಟಿದ್ದೆವು. ನಮ್ಮ ಹಿಂದೆ ಬಂದ ದಪ್ಪ ಮೀಸೆಯವನೊಬ್ಬ ತನ್ನ ಬೈಕನ್ನು ಮುಂದೆ ತಳ್ಳಿದ. ನನಗೆ ಪಿತ್ತ ನೆತ್ತಿಗೇರಿತು.

"ಸಾಲು ಅನ್ನೋದು ಗೊತ್ತೇನ್ರೀ ನಿಮಗೆ?"

"ಇರೋದೇ ಎರಡು ಗಾಡಿ. ಎಲ್ಲಿಂದ ಬಂತು ಸಾಲು?"

"ಎರಡಿದ್ರೂ ಸಾಲೇ."

ಅವನು ನಕ್ಕ. ನಾನು ಕಾಲರ್ ಹಿಡಿದೆ. ಬ್ರೇಕು ನಡುವೆ ನುಗ್ಗಿದ. ಎರಡೂ ಗಾಡಿ ತೊಳೆದು ಬಿಸಿಲಿಗೆ ನಿಲ್ಲಿಸಿದರೂ ನಮ್ಮ ಬೈಗುಳ ಮುಗಿದಿರಲಿಲ್ಲ.

"ಹತ್ತೋ, ಹೊರಡು," ಎಂದು ಬ್ರೇಕುವಿಗೆ ಕೂಗಿದೆ. "ಇಲ್ಲಾಂದ್ರೆ ಇವತ್ತು ಇಲ್ಲೊಂದು ಹೆಣ ಬೀಳುತ್ತೆ."

ಗಾಬರಿಯಲ್ಲಿ ಹತ್ತಿದ. ಕೀ ಹಾಕಿದ. ಒದ್ದ. ಒಂದೇ ಒದೆತಕ್ಕೆ ಸ್ಟಾರ್ಟ್. ಬ್ಯಾಗು ಎತ್ತಿಕೊಂಡು ನಾನೂ ಹಿಂದೆ ಕೂತೆ.

"ನೋಡ್ದೇನೋ? ಸ್ನಾನ ಆದ್ಮೇಲೆ ಹಾರ್ನೂ ಸರಿ ಹೋಗಿದೆ."

"ಕೊಳೆ ಸೇರಿತ್ತು. ಮಾತು ನಿಲ್ಲಿಸಿ ಓಡಿಸು."

ಇಪ್ಪತ್ತು ಕಿಲೋಮೀಟರ್ ಹೋಗಿರಬೇಕು. ತಿರುಗಿ ನೋಡಿದೆ. ಒಂದು ಜೀಪು. ಪಕ್ಕದಲ್ಲಿ ಬೈಕಿನ ಮೇಲೆ ಅದೇ ಮೀಸೆ. ಕೈ ಬೀಸುತ್ತಾನೆ, ಏನೋ ಕೂಗುತ್ತಾನೆ... ಅವನ ಬೈಕನ್ನು ಆಗ ಸರಿಯಾಗಿ ನೋಡಿದೆ. ನಮ್ಮದೇ ಮಾಡೆಲ್. ನಮ್ಮದೇ ಕಪ್ಪು.

ಮೂವತ್ತು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? ತಕ್ಷಣ ಹೊಳೆಯಿತು. ಹಳೇ ಮಾಡೆಲ್ ಕದಿಯುವ ಗ್ಯಾಂಗು. ಒಂದು ಸಿಕ್ಕಿದೆ, ಈಗ ಜೋಡಿ ಬೇಕಾಗಿದೆ.

ಬ್ರೇಕುವಿನ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ನಿಂತಿತು. ಮತ್ತೆ ಬಡಿದುಕೊಂಡಿತು.

"ಯಾರೋ ನೋಡೋ."

"ಯಾರಾದ್ರೂ ಆಗ್ಲಿ. ಟ್ರೇಸ್ ಮಾಡ್ತಿದಾರೆ."

ಕಿತ್ತುಕೊಂಡು ಆಫ್ ಮಾಡಿದೆ. ನನ್ನದನ್ನೂ.

ಮುಂದೆ ರೈಲ್ವೆ ಗೇಟ್ ಹಾಕಿತ್ತು. ವಾಹನಗಳ ಸಾಲು. ಕಲ್ಲು ತುಂಬಿದ ಒಂದು ಟಿಪ್ಪರಿನ ಮರೆಗೆ ಗಾಡಿ ನುಗ್ಗಿಸಿದೆವು. ಆ ಮೂವರೂ ಇಳಿದು ಸಾಲಿನ ಆಚೆ ಬದಿಯಿಂದ ನಮ್ಮನ್ನು ಹುಡುಕುತ್ತ ಮುಂದೆ ಹೋದರು. ನಾನು ಬಗ್ಗಿ ಈಚೆಯಿಂದ ಹಿಂದೆ ಹೋದೆ. ಜೀಪಿನ ಮುಂದಿನ ಚಕ್ರದ ವಾಲ್ವ್ ತಿರುಗಿಸಿ ಕಿತ್ತು ಜೇಬಿಗೆ ಹಾಕಿದೆ. ಜೀಪು ಒಂದು ಕಡೆ ಕುಸಿಯಿತು. ಮೀಸೆಯ ಬೈಕಿನ ಚಕ್ರಕ್ಕೂ ಕೈ ಹಾಕಿದೆ. ಅಷ್ಟರಲ್ಲಿ ಗೇಟ್ ಎದ್ದಿತು.

ಓಡಿಬಂದು ಹತ್ತಿದೆ. ಗೇಟ್ ದಾಟಿದ್ದೇ ಹೆದ್ದಾರಿ ಬಿಟ್ಟು ಕಾಲುವೆ ಪಕ್ಕದ ಮಣ್ಣುದಾರಿಗೆ ಇಳಿದೆವು. ಮೀಸೆ ಹೆದ್ದಾರಿಯಲ್ಲೇ ನೇರ ಹೋಗಿಬಿಟ್ಟ. ಒಂದು ಎಮ್ಮೆ ಹಿಂಡು, ಎರಡು ಕಡೆ ದಾರಿ ತಪ್ಪಿದ್ದು, ಒಂದು ಕಡೆ ಕೆಸರಿಗೆ ಬಿದ್ದದ್ದು ಬಿಟ್ಟರೆ ತೊಂದರೆಯಿಲ್ಲ. ಬ್ರೇಕು ಕೆಸರಿನಿಂದ ಎದ್ದು ಮೊದಲು ಗಾಡಿ ಒರೆಸಿದ, ಆಮೇಲೆ ಮುಖ.

"ಅಣ್ಣನ ಗಾಡಿ ಉಳೀತು. ನೀನಿಲ್ದಿದ್ರೆ ಇವತ್ತು ನನ್ನ ಗತಿ ಏನಾಗ್ತಿತ್ತೋ."

ನಾನು ನನ್ನ ಮೀಸೆ ತಿರುವಿಕೊಂಡೆ. ಸುಳ್ಳೇಕೆ ಹೇಳಲಿ.

ಸಂಜೆ ನಾಲ್ಕಕ್ಕೆ ವೆಲ್ಡಿಂಗ್ ಅಂಗಡಿ ಮುಟ್ಟಿದೆವು. ಒಳಗೆ ಕಾಲಿಟ್ಟೆ... ರಕ್ತ ಕುದಿಯಿತು. ಮೀಸೆ ಅಲ್ಲಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾನೆ. ಪಕ್ಕದಲ್ಲಿ ಅವನ ಕಪ್ಪು ಬೈಕು. ಕೈಗೆ ಸಿಕ್ಕಿದ ಕಬ್ಬಿಣದ ಸರಳು ಎತ್ತಿದೆ.

ಅಣ್ಣನ ಮಗಳು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದಳು.

"ಮಾಮ, ಅದನ್ನ ಕೆಳಗಿಡಿ. ಬಿಸಿ ಇದೆ."

ಇಟ್ಟೆ. ನಿಜವಾಗಿಯೂ ಬಿಸಿ ಇತ್ತು.

"ಚಿಕ್ಕಪ್ಪ, ಫೋನ್ ಯಾಕೆ ಆಫ್ ಮಾಡಿದ್ರಿ?"

"ಯಾರೋ ಟ್ರೇಸ್ ಮಾಡ್ತಿದಾರೆ ಅಂತ ಇವನು..."

"ಫೋನ್ ಮಾಡ್ತಿದ್ದೋಳು ನಾನು."

ಅವಳು ಮೀಸೆಯ ಬೈಕಿನ ಪಕ್ಕ ಕೂತು ಸೈಡಿನ ಮುಚ್ಚಳ ತೆಗೆದಳು. ಒಳಗಡೆ ಮೊಳೆಯಿಂದ ಗೀಚಿದ ಚಿತ್ರ. ದುಂಡು ತಲೆ, ಎರಡು ಕಡ್ಡಿ ಕಾಲು. ಆರು ವರ್ಷದವಳಿದ್ದಾಗ ಅವಳು ಬರೆದ ಅಪ್ಪ. ಅದರ ಕೆಳಗೊಂದು ಚೀಟಿ. 'ಈ ಗಾಡಿ ಸಿಕ್ಕಿದವರು ಈ ನಂಬರಿಗೆ ತಿಳಿಸಿ.' ಅವಳ ನಂಬರು, ಅಂಗಡಿಯ ವಿಳಾಸ. ಅಕ್ಷರ ನನ್ನದು. ಕಳುವಾದರೆ ಇರಲಿ ಎಂದು ಹೊರಡುವ ಮುಂಚೆ ನಾನೇ ಅಂಟಿಸಿದ್ದೆ.

ಮೂವತ್ತು ವರ್ಷ ಎಷ್ಟೋ ಗಾಡಿಗೆ ಅಂಥ ಚೀಟಿ ಅಂಟಿಸಿದ್ದೇನೆ. ಕೆಲಸ ಮಾಡಿದ್ದು ಅದೊಂದೇ.

"ನಿಮ್ಮ ಕೀ ನನ್ನ ಗಾಡಿಗೆ ಹೋಯ್ತು," ಅಂದ ಮೀಸೆ. "ನನ್ನ ಕೀ ಇದಕ್ಕೆ ಬಂತು. ಬೇಗ ಸ್ಟಾರ್ಟ್ ಆಗ್ಲಿಲ್ಲ ಅಂತ ಮುಚ್ಚಳ ತೆಗೆದಾಗ ಚೀಟಿ ಸಿಕ್ತು, ಈಯಮ್ಮನಿಗೆ ಫೋನ್ ಮಾಡ್ದೆ. ತಮ್ಮಂದಿರಿಗೆ ಜೀಪು ತರೋಕೆ ಹೇಳಿ ಹಿಂದೇನೇ ಬಂದೆ. ನಿಲ್ಲಿ ನಿಲ್ಲಿ ಅಂತ ಗಂಟಲು ಹರಿದುಹೋಯ್ತು. ಈ ಯಪ್ಪ ತಿರುಗಿ ನೋಡ್ತಾರೆ, ಗಾಡಿ ಇನ್ನೂ ಜೋರಾಗುತ್ತೆ."

ಆ ಮಾಡೆಲ್ಲಿನ ಕೀ ಸವೆದರೆ ಯಾವುದು ಯಾವುದಕ್ಕೂ ಹೋಗುತ್ತದೆ. ನನಗೆ ಗೊತ್ತಿಲ್ಲದ್ದೇ? ಆ ಉಪಾಯ ಮಾಡಿದ ಹತ್ತೊಂಬತ್ತು ಕಳ್ಳರನ್ನು ಹಿಡಿದುಕೊಟ್ಟಿದ್ದೇನೆ.

ಬ್ರೇಕು ನೆಲಕ್ಕೆ ಕುಕ್ಕರಿಸಿ ಆ ಗೀಚಿದ ಮುಖದ ಮೇಲೆ ಕೈಯಿಟ್ಟ.

"ತಪ್ಪಾಯ್ತು ಅಣ್ಣ," ಅಂದ, ಬೈಕಿಗೆ.

"ಅಪ್ಪ ಇದ್ದಿದ್ರೆ ನಕ್ಕೂ ನಕ್ಕೂ ಉರುಳಾಡ್ತಿದ್ದ," ಅಂದಳು ಅವಳು. ಕಣ್ಣೊರೆಸಿಕೊಂಡು ಐದು ಸಲ ಒದ್ದಳು. ಸ್ಟಾರ್ಟ್ ಆಯಿತು.

"ಈ ಯಜಮಾನರ ಕಸುಬೇನಮ್ಮ?" ಎಂದು ಮೀಸೆ ನನ್ನ ಕಡೆ ಕೈ ತೋರಿಸಿ ಕೇಳಿದ.

ಅವಳು ಹೇಳಿದಳು. ಟೀ ಅವನ ಮೂಗಿನಿಂದ ಬಂತು.

ನಾನು ಜೇಬಿನಿಂದ ವಾಲ್ವ್ ತೆಗೆದು ಅವನ ಅಂಗೈಗೆ ಹಾಕಿದೆ.

"ನಂಬರ್ ಪ್ಲೇಟ್ ಆದ್ರೂ ನೋಡಬಾರದಿತ್ತಾ ಮಾಮ?"

"ಬ್ಯಾಗು ಅಡ್ಡ ಇತ್ತಮ್ಮ."

ಸುಳ್ಳು. ನೋಡಿಯೇ ಇರಲಿಲ್ಲ.

ಇದು ನಿನ್ನೆ ನಡೆದದ್ದು. ಬ್ರೇಕು ಅಲ್ಲೇ ಉಳಿದ. ನಾನು ಬಸ್ಸಿಗೆ ಕಾಯುತ್ತಿದ್ದಾಗ ನೀವು ಸಿಕ್ಕಿರಿ, ಪಾಪ, ಕರೆದು ಕೂರಿಸಿದಿರಿ.

ನಿನ್ನೆಯಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಚಾಸಿ ನಂಬರ್ ಓದದೆ ಯಾರ ಹಿಂದೆಯೂ ಹತ್ತುವುದಿಲ್ಲ. ನೀವು ಟೀ ತರಲು ಒಳಗೆ ಹೋಗಿದ್ದಾಗ ನಿಮ್ಮದನ್ನೂ ಓದಿದೆ. ಅದೇ ನಂಬರು, ಕಳುವಾದ ಗಾಡಿಗಳನ್ನು ಬರೆದಿಡುವ ನನ್ನ ನೋಟ್‌ಬುಕ್ಕಿನ ಹನ್ನೊಂದನೇ ಪುಟದಲ್ಲಿದೆ. ನೀವು ಕಳ್ಳರೋ, ನಮ್ಮ ಬ್ರೇಕುವಿನ ಹಾಗೆ ಪೆದ್ದರೋ, ಅದನ್ನು ಸ್ಟೇಷನ್ನಿನಲ್ಲಿ ನೋಡೋಣ.

ಕೂತುಕೊಳ್ಳಿ. ಗಾಡಿ ಕಡೆ ನೋಡಿ ಪ್ರಯೋಜನವಿಲ್ಲ.

ಎರಡೂ ಚಕ್ರದ ವಾಲ್ವ್ ನನ್ನ ಜೇಬಿನಲ್ಲಿವೆ.