ಹಳದಿ ಪಟ್ಟೆಯ ಜಾಗ

"ಅಂಕಲ್, ಇಲ್ಲಿ ಕಾರ್ ನಿಲ್ಲಿಸ್ಬಾರ್ದು!"

ಹಂಸ ಟಿಟಿ ಬ್ಯಾಟನ್ನು ಹಿಡಿದುಕೊಂಡೇ ಹಾಲ್‌ನಿಂದ ಹೊರಗೆ ಓಡಿ ಬಂದಿದ್ದಳು. ಬಿಳಿ ಕಾರಿನ ಅಂಕಲ್ ಆಗಲೇ ಬೇಕರಿಯ ಮೆಟ್ಟಿಲು ಹತ್ತುತ್ತಿದ್ದರು. ತಿರುಗಿ ನೋಡಿ ನಕ್ಕರು.

"ಎರಡೇ ನಿಮಿಷ ಪುಟ್ಟಿ. ಪಫ್ಸ್ ತಗೊಂಡು ಬಂದ್ಬಿಡ್ತೀನಿ."

ಆ ಎರಡು ನಿಮಿಷ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಅಂಕಲ್ ಅಲ್ಲೇ ನಿಂತು ಪಫ್ಸ್ ತಿಂದರು. ಅದರ ಮೇಲೊಂದು ಟೀ ಕುಡಿದರು. ಫೋನಿನಲ್ಲಿ ಯಾರದೋ ಮದುವೆಯ ವಿಷಯ ಮಾತಾಡಿದರು. ಅಷ್ಟು ಹೊತ್ತೂ ರಸ್ತೆಯಲ್ಲಿ ಒಂದು ಕೆಂಪು ಕಾರು ಇಂಡಿಕೇಟರ್ ಹಾಕಿಕೊಂಡು ಕಾಯುತ್ತಲೇ ಇತ್ತು. ಹಿಂದಿದ್ದ ಆಟೋಗಳು ಹಾರ್ನ್ ಹೊಡೆದೂ ಹೊಡೆದೂ ಬೀದಿಯನ್ನೇ ಎಬ್ಬಿಸಿಬಿಟ್ಟವು. ಕೊನೆಗೆ ಕೆಂಪು ಕಾರು ಮುಂದಕ್ಕೆ ಹೊರಟುಹೋಯಿತು.

ಅದರಲ್ಲಿದ್ದವರು ಯಮುನಾ ಮಿಸ್. ಹಂಸಳಿಗೂ ಅವಳ ಫ್ರೆಂಡ್ ಸಾಮಿಯಾಗೂ ಟೇಬಲ್ ಟೆನಿಸ್ ಹೇಳಿಕೊಡುವವರು. ಮಿಸ್ ಆಡುವುದು ವೀಲ್‌ಚೇರಿನಲ್ಲಿ ಕೂತುಕೊಂಡೇ. ಹಾಗೆ ಕೂತೇ ಅವರು ಹೊಡೆದ ಚೆಂಡು ಎಲ್ಲಿ ಬಿತ್ತು ಅಂತ ನೋಡುವಷ್ಟರಲ್ಲಿ ಅದು ಗೋಡೆಗೆ ಬಡಿದು ವಾಪಸ್ ಬಂದಿರುತ್ತದೆ. ಕಾರನ್ನೂ ಅವರೇ ಓಡಿಸುತ್ತಾರೆ. ಅದರಲ್ಲಿ ಬ್ರೇಕು, ಆಕ್ಸಿಲರೇಟರು ಎಲ್ಲ ಕೈಯಲ್ಲೇ. ಬಿಳಿ ಕಾರು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ದೊಡ್ಡದಾಗಿ ವೀಲ್‌ಚೇರಿನ ಚಿತ್ರ ಬರೆದಿದೆ. ಮಿಸ್ ಅಂಥವರಿಗೆ ಅಂತಲೇ ಬಿಟ್ಟಿರುವ ಜಾಗ ಅದು.

ಸಂಜೆ ಹಂಸಳ ತಾತ ರಾಮಾಂಜಿನಪ್ಪನವರಿಗೆ ಮಿಸ್ ಫೋನ್ ಮಾಡಿದರು. ತಾತ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಹೋದ ವಾರವೂ ಹೀಗೇ ಆಯ್ತು ಸರ್. ಇನ್ನೊಂದು ಶನಿವಾರ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೈಯಪ್ಪನಹಳ್ಳಿ ಹತ್ರ ಒಂದು ಹಾಲ್ ಇದೆ. ಕ್ಲಾಸ್ ಅಲ್ಲಿಗೇ ಶಿಫ್ಟ್ ಮಾಡ್ಬಿಡ್ತೀನಿ."

ಪಕ್ಕದಲ್ಲೇ ಇದ್ದ ಹಂಸಳಿಗೆ ಎಲ್ಲ ಕೇಳಿಸಿತು. ಬೈಯಪ್ಪನಹಳ್ಳಿಗೆ ಅವಳನ್ನು ಕರೆದುಕೊಂಡು ಹೋಗುವವರು ಯಾರು? ಅಪ್ಪ ಅಮ್ಮ ಇಬ್ಬರಿಗೂ ಶನಿವಾರ ಕೆಲಸ. ತಾತನಿಗೆ ಮಂಡಿ ನೋವು. ಸ್ಪಿನ್ ಸರ್ವ್ ಈಗತಾನೇ ಕೈಗೆ ಹತ್ತುತ್ತಿತ್ತು. ಸಾಮಿಯಾಳ ಮುಖ ಪೆಚ್ಚಾಗುವಂತೆ ಒಂದು ಸಲವಾದರೂ ಅದನ್ನು ಹಾಕದೆ ಕ್ಲಾಸ್ ಬಿಡುವುದುಂಟೇ?

ತಾತನಿಗಂತೂ ಅವಮಾನವಾಗಿತ್ತು. ಬಾಣಸವಾಡಿಯ ಆ ಕಾಂಪ್ಲೆಕ್ಸು ಅವರದೇ. ಒಂದು ಕಾಲಕ್ಕೆ ಅವರು ರಾಗಿ ಬೆಳೆಯುತ್ತಿದ್ದ ಹೊಲ ಅದು. ಈಗ ಅಲ್ಲಿ ಬೇಕರಿ, ಮೆಡಿಕಲ್ ಶಾಪು, ಟಿಟಿ ಹಾಲು ಬೆಳೆದು ನಿಂತಿವೆ. ಮೇಲಿನ ಮಹಡಿಯಲ್ಲಿ ಇವರ ಮನೆ.

"ನನ್ನ ಜಾಗಕ್ಕೆ ಬಂದೋರು ಬಾಗಿಲಿಂದ ಹಂಗೇ ವಾಪಸ್ ಹೋಗೋದಾ?" ಎಂದು ತಾತ ಮೀಸೆ ತಿರುವಿದರು. "ಬರೋ ಶನಿವಾರ ಅದ್ಯಾರು ಕಾರು ನಿಲ್ಲಿಸ್ತಾರೋ ನಾನೂ ನೋಡ್ತೀನಿ."

ಆ ಶನಿವಾರ ತಾತ ಊಟ ಮುಗಿಸಿದವರೇ ಕೋಲು ಹಿಡಿದುಕೊಂಡು ಬೇಕರಿ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಕಾರುಗಳು ಬಂದವು. "ಎರಡೇ ನಿಮಿಷ ಯಜಮಾನ್ರೇ" ಅಂತ ಒಬ್ಬ ಹುಡುಗ ಹಲ್ಲು ಗಿಂಜಿದ.

"ರಸ್ತೆ ಆಚೆ ನಿಲ್ಸಪ್ಪ. ಅಲ್ಲೂ ಎರಡೇ ನಿಮಿಷ ಆಗುತ್ತೆ" ಎಂದರು ತಾತ. ಹುಡುಗ ತೆಪ್ಪಗೆ ಕಾರು ತಿರುಗಿಸಿದ.

ಕಾವಲಿನ ಕೆಲಸ ತಾತನೇ ಮಾಡಿದರೆ ತಾನೇನು ಮಾಡುವುದು? ಹಂಸ ಸುತ್ತ ನೋಡಿದಳು. ವೀಲ್‌ಚೇರಿನ ಚಿತ್ರದ ಬಲಗಡೆ, ಕಾರಿನಷ್ಟೇ ಉದ್ದದ ಒಂದು ಕಿರಿದಾದ ಜಾಗ ಇತ್ತು. ಅದರ ತುಂಬ ಓರೆ ಓರೆ ಹಳದಿ ಪಟ್ಟೆ. ಅಲ್ಲಿ ಕಾರು ಹಿಡಿಸುವುದಿಲ್ಲ. ಸುಮ್ಮನೆ ಖಾಲಿ ಬಿದ್ದಿರುತ್ತಿತ್ತು.

"ಅಜ್ಜಿ, ನಿಮ್ಮ ಹೂವಿನ ಕುಂಡ ಇಲ್ಲಿಟ್ರೆ? ಮಿಸ್‌ಗೆ ವೆಲ್‌ಕಮ್ ಮಾಡಿದ ಹಾಗಿರುತ್ತೆ!"

ಅಜ್ಜಿ ಆಂಜನಮ್ಮನಿಗೆ ತಮ್ಮ ಗಿಡಗಳನ್ನು ನಾಲ್ಕು ಜನ ನೋಡುತ್ತಾರೆಂದರೆ ಸಾಕು. ಟೆರೇಸಿನ ಮೇಲಿದ್ದ ದಾಸವಾಳ, ಕನಕಾಂಬರ, ಗುಲಾಬಿ ಎಲ್ಲವೂ ಲಿಫ್ಟಿನಲ್ಲಿ ಕೆಳಗಿಳಿದವು. ಸಿಮೆಂಟಿನ ಕುಂಡಗಳು, ಒಂದೊಂದೂ ಹೆಣಭಾರ. ವಾಚ್‌ಮನ್ ಮುರಳಿ ಅವನ್ನು ಪಟ್ಟೆಯ ಮೇಲೆ ಸಾಲಾಗಿ ಇಟ್ಟು, ಸೊಂಟ ಹಿಡಿದುಕೊಂಡು ಟೀ ಕುಡಿಯಲು ಹೋದ.

"ಯಾ ಅಲ್ಲಾ, ಶಾದಿ ಮಹಲ್ ಥರಾ ಇದೆ!" ಎಂದಳು ಆಗತಾನೇ ಬಂದ ಸಾಮಿಯಾ.

ಹಂಸ ಬೀಗಿದಳು.

ಕೆಂಪು ಕಾರು ಬಂತು. ತಾತ ಎದ್ದು ನಿಂತು ಟ್ರಾಫಿಕ್ ಪೊಲೀಸರ ಹಾಗೆ ಕೈ ಬೀಸಿದರು. ಕಾರು ನೀಟಾಗಿ ಒಳಗೆ ಬಂದು ವೀಲ್‌ಚೇರಿನ ಚಿತ್ರದ ಮೇಲೆ ನಿಂತಿತು. ಹುಡುಗಿಯರಿಬ್ಬರೂ ಚಪ್ಪಾಳೆ ತಟ್ಟಿದರು.

ಮಿಸ್ ತಮ್ಮ ಕಡೆಯ ಬಾಗಿಲು ತೆರೆದರು. ಠಕ್!

ಬಾಗಿಲು ದಾಸವಾಳದ ಕುಂಡಕ್ಕೆ ಬಡಿದು ಅಲ್ಲೇ ನಿಂತಿತು. ಆ ಸಂದಿಯಲ್ಲಿ ಒಂದು ಬೆಕ್ಕು ನುಸುಳಬಹುದಿತ್ತು, ಅಷ್ಟೇ.

ಸಂದಿಯಿಂದ ಮಿಸ್ ಅವರ ಮುಖ ಅರ್ಧ ಕಾಣುತ್ತಿತ್ತು.

"ಹಂಸ, ಹೂವು ತುಂಬಾ ಚೆನ್ನಾಗಿದೆ" ಎಂದರು ಅವರು. "ಆದ್ರೆ ನಾನೀಗ ಎಲ್ಲಿ ಇಳೀಲಿ?"

ಹಂಸಳ ಕಿವಿ ಬಿಸಿಯಾಯಿತು. ತಾತ ಗಾಬರಿಯಿಂದ ಆ ಕಡೆಯ ಬಾಗಿಲಿಗೆ ಹೋದರು. "ಈ ಕಡೆಯಿಂದ ನಾನೇ ಎತ್ಕೊಂಡು ಇಳಿಸ್ಲೇನಮ್ಮಾ? ನೀನು ನನ್ನ ಮಗಳಿದ್ದ ಹಾಗೆ."

"ಬೇಡ ಸರ್. ನಿಮ್ಮ ಮಂಡಿ ನಂಬ್ಕೊಂಡ್ರೆ ಇಬ್ರೂ ಬೀಳ್ತೀವಿ."

ಮಿಸ್ ನಗುತ್ತಲೇ ಹೇಳಿದರು. ಆದರೆ ಹಂಸಳಿಗೆ ನಗು ಬರಲಿಲ್ಲ. ಹೋಯಿತು, ಕ್ಲಾಸು ಬೈಯಪ್ಪನಹಳ್ಳಿಗೇ ಹೋಯಿತು, ಅದೂ ತನ್ನಿಂದಲೇ. ಅವಳು ಬ್ಯಾಟನ್ನು ಅಜ್ಜಿಯ ಕೈಗೆ ತುರುಕಿ ಗುಲಾಬಿ ಕುಂಡಕ್ಕೆ ಕೈ ಹಾಕಿದಳು. ಅದು ಮಿಸುಕಲಿಲ್ಲ. ಸಾಮಿಯಾ ಬಂದು ಇನ್ನೊಂದು ಕಡೆ ಹಿಡಿದಳು. ಮುಳ್ಳು ಚುಚ್ಚಿತು. ಟೀ ಅರ್ಧಕ್ಕೇ ಬಿಟ್ಟು ಮುರಳಿಯೂ ಓಡಿ ಬಂದ. ಎಳೆದು, ನೂಕಿ, ಏದುಸಿರು ಬಿಟ್ಟು ಅಂತೂ ಕುಂಡಗಳನ್ನು ಗೋಡೆಯ ಪಕ್ಕಕ್ಕೆ ಸೇರಿಸಿದರು. ಅಷ್ಟು ಹೊತ್ತೂ ಮಿಸ್ ತಮ್ಮ ಕಾರಿನಲ್ಲೇ ಕೂತು ಕಾಯಬೇಕಾಯಿತು.

ಈಗ ಬಾಗಿಲು ಅಗಲವಾಗಿ ತೆರೆಯಿತು. ಮಿಸ್ ಪಕ್ಕದ ಸೀಟಿನಿಂದ ವೀಲ್‌ಚೇರಿನ ಚೌಕಟ್ಟನ್ನು ಎತ್ತಿ, ತಮ್ಮ ಮೈ ಮೇಲಿಂದಲೇ ದಾಟಿಸಿ, ಹಳದಿ ಪಟ್ಟೆಯ ಮೇಲೆ ಇಳಿಸಿದರು. ಒಂದು ಚಕ್ರ ಸಿಕ್ಕಿಸಿದರು. ಇನ್ನೊಂದು ಚಕ್ರ. ಆಮೇಲೆ ಕುಶನ್ ಇಟ್ಟರು. ಹಂಸ ಸುಮ್ಮನಿರಲಾರದೆ ಕುರ್ಚಿ ಹಿಡಿಯಲು ಹೋದಳು.

"ಬೇಕಾದ್ರೆ ಕೇಳ್ತೀನಿ ಕಣೇ" ಎಂದರು ಮಿಸ್. ಹಂಸ ಕೈ ಹಿಂದಕ್ಕೆ ತೆಗೆದುಕೊಂಡಳು.

ಮಿಸ್ ಕುರ್ಚಿಯನ್ನು ಸೀಟಿನ ಪಕ್ಕಕ್ಕೆ ತಿರುಗಿಸಿಕೊಂಡು, ಬಲವಾದ ಎರಡು ಕೈಗಳ ಮೇಲೆ ಭಾರ ಬಿಟ್ಟು, ಅದರೊಳಗೆ ಜಾರಿ ಕೂತರು. ಹಿಂದಕ್ಕೆ ಸರಿದು ಬಾಗಿಲು ಮುಚ್ಚಿದರು. ಇಷ್ಟೂ ಕೆಲಸ ನಡೆದದ್ದು ಆ ಪಟ್ಟೆಯ ಜಾಗದಲ್ಲೇ. ಒಂದು ಗೇಣೂ ಹೆಚ್ಚಾಗಿರಲಿಲ್ಲ.

"ಮಿಸ್... ಈ ಪಟ್ಟೆ ಇರೋದು ಇದಕ್ಕಾ?"

"ಹೂಂ ಮತ್ತೆ! ಒಂದ್ಸಲ ಮಾಲ್‌ನಲ್ಲಿ ಯಾರೋ ಈ ಜಾಗದಲ್ಲಿ ಬೈಕ್ ನಿಲ್ಲಿಸಿ ಹೋಗಿದ್ರು. ನಾನು ವಾಪಸ್ ಬಂದ್ರೆ ಕಾರು ಕಣ್ಣ ಮುಂದೇನೇ ಇದೆ, ಹತ್ತೋಕಾಗಲ್ಲ. ಬೈಕಿನವನು ಸಿನಿಮಾ ಮುಗಿಸಿ ಬರೋವರೆಗೂ ಐಸ್‌ಕ್ರೀಮ್ ತಿಂತಾ ಕೂತಿದ್ದೆ."

ಐಸ್‌ಕ್ರೀಮ್ ಅಂದಾಗ ಹಂಸಳಿಗೆ ನಗು ಬಂತು. ಮರುಕ್ಷಣ, ಒಬ್ಬರೇ ಅಲ್ಲಿ ಕೂತಿದ್ದ ಮಿಸ್ ಕಣ್ಣ ಮುಂದೆ ಬಂದು ನಗು ನಿಂತಿತು.

"ಸಾರಿ ಮಿಸ್. ಬೈಯಪ್ಪನಹಳ್ಳಿಗೆ ಹೋಗ್ಬಿಡ್ತೀರಾ?"

"ಮೊದ್ಲು ಸರ್ವ್ ಹಾಕು. ಆಮೇಲೆ ನೋಡೋಣ."

ಹಂಸ ಪ್ರಾಣ ಪಣಕ್ಕಿಟ್ಟವಳಂತೆ ಆಡಿದಳು. ಅವಳ ಸ್ಪಿನ್ ಸರ್ವ್ ಒಂದೇ ಒಂದು ಸಲ ಸರಿಯಾಗಿ ತಿರುಗಿತು. ಸಾಮಿಯಾ ಗಾಳಿಗೆ ಬ್ಯಾಟು ಬೀಸಿ ಪೆಚ್ಚಾದಳು. ಮಿಸ್ ಹೋ ಎಂದು ಕೂಗಿದರು. ಹೊರಡುವಾಗ ಅವರು ತಾತನಿಗೆ ಹೇಳಿದ್ದು ಇಷ್ಟೇ: "ಬರೋ ಶನಿವಾರ ಬರ್ತೀನಿ ಸರ್. ಇಲ್ಲಿಗೇ."

ಹಂಸ ಸಾಮಿಯಾಳನ್ನು ತಬ್ಬಿಕೊಂಡು ಕುಣಿದಳು.

ಮುಂದಿನ ಶನಿವಾರ ಮಧ್ಯಾಹ್ನ ಅಜ್ಜಿ ಕೆಳಗೆ ಬಂದು ನೋಡಿದರೆ, ಹಂಸ ಪಟ್ಟೆಯ ಜಾಗವನ್ನು ಗುಡಿಸುತ್ತಿದ್ದಳು. ಬಿದ್ದಿದ್ದ ಎಲೆ, ಬೇಕರಿಯ ಪೇಪರ್ ಪ್ಲೇಟು, ಸಣ್ಣ ಕಲ್ಲು ಎಲ್ಲವನ್ನೂ ಮೊರಕ್ಕೆ ಎತ್ತಿಕೊಂಡಳು.

"ಏನೇ ಇದು, ಮಿಸ್ ಬರೋ ಹೊತ್ತಾಯ್ತು" ಎಂದರು ಅಜ್ಜಿ. "ಮನೆಗೆ ಬರೋರಿಗೆ ಬರೀ ನೆಲ ತೋರಿಸೋಕಾಗುತ್ತಾ? ಸಣ್ಣ ಕುಂಡ ಆದ್ರೂ ಒಂದು ಇಡ್ಲಾ?"

ಹಂಸ ಬಿಸಿಲು ಬಿದ್ದ ಹಳದಿ ಪಟ್ಟೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಅವಳಿಗೆ ಖುಷಿಯಾಯಿತು.

"ಏನೂ ಬೇಡ ಅಜ್ಜಿ. ಎಲ್ಲಾ ರೆಡಿ ಇದೆ."

ಕೆಂಪು ಕಾರು ಬಂದು ನಿಂತಿತು. ಅದರ ಬಾಗಿಲು ಪೂರ್ತಿ ತೆರೆದುಕೊಂಡಿತು. ಎಲ್ಲೂ ತಗಲಲಿಲ್ಲ.