ಕೇಳದೆ ಬಡಿಸಿದ ಸೌಟು

ನಮ್ಮ ಮನೆಯಲ್ಲಿ ನೆಂಟರಿಗೆ ಕೇಳಿ ಬಡಿಸುತ್ತೇವೆ, ಮನೆಯವರಿಗೆ ಕೇಳದೆ. ರತನ್ ಮೊದಲ ಸಲ ಊಟಕ್ಕೆ ಬಂದಾಗ ಅವನ ತಟ್ಟೆಗೆ ಎರಡನೇ ಸೌಟು ಬಂಗುಡೆ ಸಾರನ್ನು ನಾನು ಕೇಳದೆಯೇ ಸುರಿದುಬಿಟ್ಟೆ.

"ಎಂತ ಹೆಣೆ ಶ್ರೀಲತಾ, ಇವ ನೆಂಟ ಅಲ್ದಾ?" ಎಂದಳು ಅಮ್ಮ, ಒಲೆಯ ಹತ್ತಿರದಿಂದಲೇ. ನನ್ನ ಕಿವಿ ಬಿಸಿಯಾಯಿತು. ಅವನಿಗೆ ಅರ್ಥವಾಯಿತು, ಕಳ್ಳ. ತಲೆ ಎತ್ತದೆ ನಗುತ್ತಾ ಉಂಡ.

"ನಿನ್ನೆ ಸಾರ್ ಅಲ್ದಾ ಇದ್?" ಎಂದು ಕೇಳಿದ.

"ಹೌದ್. ಮಡ್ಕಿ ಒಳ್ಗೆ ಒಂದ್ ರಾತ್ರಿ ಕೂತ್ರೇ ರುಚಿ."

"ನೀನೂ ಹಾಂಗೇ. ಒಂದ್ ದಿನಕ್ಕೆ ಮೆತ್ತಗೆ ಆಪ್ದಲ್ಲ."

"ಬಾಯಿ ಮುಚ್ಚಿ ಉಣ್!"

ತ್ರಾಸಿ ಬೀಚಿನ ಫುಡ್ ಫೆಸ್ಟ್ ನಡೆಸುವವನು ರತನ್. ಮೊದಲೆಲ್ಲ ಅದು ಊರಿನ ಹೆಂಗಸರು ಮನೆಯ ಪಾತ್ರೆ ತಂದು ಬಡಿಸುವ ಸಂಜೆ, ಅಷ್ಟೆ. 2014ರಲ್ಲಿ ಸ್ಪಾನ್ಸರ್ ಬಂದರು, ಡಿಜೆ ಬಂತು, ಸ್ಪರ್ಧೆಯೂ ಬಂತು. ಗೆದ್ದವರಿಗೆ ಬೀಚಿನಲ್ಲಿ ಖಾಯಂ ಅಂಗಡಿ. ಅಮ್ಮನ ತಲೆಯ ಮೇಲಿನ ಮೀನಿನ ಬುಟ್ಟಿ ಇಳಿಸಲು ನನಗೆ ಆ ಅಂಗಡಿ ಬೇಕೇ ಬೇಕಿತ್ತು.

ಅವನು ಪಕ್ಕದಲ್ಲಿ ಕೂತು ಮಸಾಲೆಯನ್ನೆಲ್ಲ ಕೇಳಿಕೊಂಡ. "ಸ್ಟಾಲಿನ್ ಬೋರ್ಡಿಗೆ ಬರ್ಸುಕ್ ಬೇಕ್" ಅಂದ. ಪ್ರೀತಿಸಿದವನಿಂದ ಏನನ್ನು ಬಚ್ಚಿಡುವುದು? ಹೇಳಿದೆ. "ಜಡ್ಜ್ ಬಪ್ಪುದ್ ಆಯ್ತವಾರ. ನೀ ಶನಿವಾರ ಬೇಯ್ಸಿ ಇಡ್" ಎಂದದ್ದೂ ಅವನೇ.

ಶನಿವಾರ ಸಂಜೆ ನನ್ನ ಸಾರು ಇನ್ನೂ ಕುದಿಯುತ್ತಿತ್ತು. ಮೈಕಿನಲ್ಲಿ ಅವನ ದನಿ: "ಈಗ ತೀರ್ಪುಗಾರರು ಬರುತ್ತಿದ್ದಾರೆ."

ಭಾನುವಾರ ಬರಬೇಕಿದ್ದವರು ನನ್ನ ಹಸಿ ಖಾರ ಬಾಯಿಗಿಟ್ಟು, ಮುಖ ಸಿಂಡರಿಸಿ ಮುಂದೆ ಹೋದರು. ಸ್ಪಾನ್ಸರ್ ಹೋಟೆಲಿನ ಸ್ಟಾಲಿನಲ್ಲಿ ಮಣ್ಣಿನ ಮಡಕೆಯ ಮುಚ್ಚಳ ತೆರೆದರು. ಬಂದದ್ದು ನಮ್ಮ ಅಡುಗೆಮನೆಯ ಪರಿಮಳ. ಹಿಂದಿನ ದಿನವೇ ಬೇಯಿಸಿಟ್ಟಿದ್ದರು. ಬಹುಮಾನ ಅವರಿಗೇ ಹೋಯಿತು.

"ಎಂತಕ್ಕೆ ರತನ್?"

"ಸ್ಪಾನ್ಸರ್ ಕೈ ಬಿಟ್ರೆ ಫೆಸ್ಟೇ ಇಲ್ಲ ಮಾರಾಯ್ತಿ. ಬಪ್ಪ ವರ್ಷ ನಿಂಗೇ ಕೊಡ್ಸ್ತೆ. ನಮ್ ಮದಿಗೆ ನಂಗೂ ಒಂದ್ ನೆಲೆ ಬೇಕಲ್ದಾ?"

ಮೋಸವನ್ನೂ ಮದುವೆಯನ್ನೂ ಒಂದೇ ಉಸಿರಿಗೆ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಭಾನುವಾರ ನನ್ನ ಮಡಕೆ ಹದಕ್ಕೆ ಬಂತು. ಬಲೆ ಎಳೆದು ಬಂದವರೆಲ್ಲ ನಿಂತು ಉಂಡರು. ಎಲ್ಲರೂ ಹೋದ ಮೇಲೆ ಅವನೂ ತಟ್ಟೆ ಹಿಡಿದು ಬಂದ. ಒಂದು ಸೌಟು ಹಾಕಿದೆ. ಉಂಡು ಮುಗಿಸಿ, ಹಳೆಯ ಅಭ್ಯಾಸದಂತೆ, ತಟ್ಟೆಯನ್ನು ಸ್ವಲ್ಪ ಮುಂದೆ ಚಾಚಿದ. ಹಾಳಾದ ನನ್ನ ಕೈಯೂ ಆಗಲೇ ಸೌಟು ಎತ್ತಿತ್ತು. ಇವನ ಮೇಲೆ ನನಗೆ ಇನ್ನೂ ಪ್ರೀತಿಯಿತ್ತು. ಆದರೂ ಕೈ ತಡೆದೆ.

"ಇನ್ನ್ ಸ್ವಲ್ಪ ಹಾಕುದಾ?" ಎಂದು ಕೇಳಿದೆ.

ಚಾಚಿದ ತಟ್ಟೆ ಅಲ್ಲೇ ನಿಂತಿತು. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಹೊರಗಿನವರು ಹೋಗುವ ಹಾಗೆ ಹೋದ.