ನೀರಿಗೂ ಪಾಸಿಟಿವ್

ಬರೀ ನೀರಿನಲ್ಲೂ ವೈರಸ್ ಇದೆ ಅಂತ ಯಂತ್ರ ಹೇಳಿದಾಗ ಲ್ಯಾಬಿನ ಮುಖ್ಯಸ್ಥ ಎಲ್ಲ ಪರೀಕ್ಷೆ ನಿಲ್ಲಿಸಿದ. ರೋಗಿಗಳ ಮಾದರಿಗಳ ಜೊತೆ ಒಂದು ಕೊಳವೆ ನೀರನ್ನೂ ಇಡುವುದು ವಾಡಿಕೆ. ಅದು ನೆಗೆಟಿವ್ ಬರಲೇಬೇಕು.

ಅಷ್ಟರಲ್ಲಿ ಹಿಂದಿನ ದಿನದ ವರದಿಗಳು ಹೊರಗೆ ಹೋಗಿಬಿಟ್ಟಿದ್ದವು, ಹೆಚ್ಚಿನವು ಪಾಸಿಟಿವ್. ಕೆಮ್ಮು ಕೂಡ ಇಲ್ಲದ ಒಬ್ಬ ಅಜ್ಜಿಯನ್ನು ಸೋಂಕಿತರ ವಾರ್ಡಿಗೆ ಹಾಕಿದ್ದರು. ಸೋಂಕು ತಗುಲಿದ್ದು ಅಲ್ಲೇ. ಅಜ್ಜಿ ತೀರಿಕೊಂಡಳು. ಮಗ ಪೊಲೀಸರಿಗೆ ದೂರು ಕೊಟ್ಟ.

"ಇದು ಪೊಲೀಸರಿಗೆ ಅರ್ಥವಾಗೋ ವಿಷಯವಲ್ಲ," ಅಂದ ಮುಖ್ಯಸ್ಥ. ಕೂರಲೂ ಹೇಳಲಿಲ್ಲ.

ಇನ್‌ಸ್ಪೆಕ್ಟರ್ ತಾವೇ ಕುರ್ಚಿ ಎಳೆದುಕೊಂಡರು. "ಅರ್ಥವಾಗೋ ಹಾಗೆ ಹೇಳಿ."

"ಯಂತ್ರ ಸರಿಯಿದೆಯಾ ಅಂತ ನೋಡೋಕೆ ವೈರಸ್ಸಿನ ತುಣುಕಿರೋ ದ್ರವ ಇಟ್ಟಿರ್ತೀವಿ. ಅದನ್ನ ಯಾರೋ ಪರೀಕ್ಷೆಯ ದ್ರಾವಣದ ಬಾಟಲಿಗೆ ಬೆರೆಸಿದ್ದಾರೆ."

"ಕೈತಪ್ಪಿ ಬಿದ್ದಿರಬಹುದಲ್ಲ?"

"ಎರಡೂ ಬೇರೆ ಬೇರೆ ಕೋಣೆ. ಎರಡಕ್ಕೂ ಬೀಗ. ಕೆಲಸದಿಂದ ತೆಗೆದ ಸಹಾಯಕಿಯನ್ನ ಹಿಡೀರಿ. ನಿಮ್ಮನ್ನೆಲ್ಲ ಬೀದಿಗೆ ತರ್ತೀನಿ ಅಂದು ಹೋದವಳು ಅವಳು."

* * *

"ಅಂದಿದ್ದೆ. ಈಗಲೂ ಅಂತೀನಿ." ಸಹಾಯಕಿ ಬಾಗಿಲ ಸರಪಳಿ ತೆಗೆಯಲೇ ಇಲ್ಲ. "ಆದರೆ ಬೀಗದ ಕೈ ಇರೋದು ಇಬ್ಬರ ಹತ್ತಿರ. ಆ ದೊಡ್ಡ ಮನುಷ್ಯ, ಮತ್ತೆ ಕನ್ನಡಕ."

"ಕನ್ನಡಕ ಅಂದ್ರೆ?"

"ಹಿರಿಯ ಟೆಕ್ನಿಷಿಯನ್. ಅಣ್ಣನಿಗೆ ಕಿಡ್ನಿ ಕೊಡೋಕೆ ಹೊರಟಿದ್ದ. ಪಾಸಿಟಿವ್ ಬಂದು ಆಪರೇಷನ್ ನಿಂತುಹೋಯ್ತಂತೆ."

ಬಾಗಿಲು ಮುಖಕ್ಕೇ ಬಡಿಯಿತು.

* * *

ಆಸ್ಪತ್ರೆಯಲ್ಲಿ ಅಣ್ಣ ಡಯಾಲಿಸಿಸ್ ಯಂತ್ರಕ್ಕೆ ಅಂಟಿಕೊಂಡು ಮಲಗಿದ್ದ. ಅತ್ತಿಗೆ ಬಾಗಿಲಿಗೇ ಅಡ್ಡ ನಿಂತಳು.

"ಆಪರೇಷನ್ ಯಾವಾಗ?" ಕೇಳಿದರು ಇನ್‌ಸ್ಪೆಕ್ಟರ್.

"ಮೈದುನನಿಗೆ ಸೋಂಕು ಹೋಗಬೇಕಲ್ಲ. ಇನ್ನೂ ಇದೆಯಂತೆ."

ಆದರೆ ಆ ಮೈದುನನನ್ನು ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ಲ್ಯಾಬಿನಲ್ಲಿ ನೋಡಿದ್ದರು. ಮುಖಗವಸೂ ಇಲ್ಲದೆ ಕೆಲಸ ಮಾಡುತ್ತಿದ್ದ.

* * *

"ಮೊದಲ ದಿನ ನೀರು ನೆಗೆಟಿವ್ ಅಂತ ಹೇಳಿದವನು ನೀನು," ಅಂದರು ಇನ್‌ಸ್ಪೆಕ್ಟರ್. "ಮಾರನೆಯ ದಿನ, ಅದೇ ಬಾಟಲಿ, ಮುಖ್ಯಸ್ಥರು ನೋಡಿದಾಗ ಪಾಸಿಟಿವ್."

"ನಡುವೆ ಯಾರೋ ಬೆರೆಸಿರಬೇಕು," ಅಂದ ಕನ್ನಡಕ.

"ಹಾಗಾದರೆ ಮೊದಲ ದಿನವೇ ಅಷ್ಟೊಂದು ಜನಕ್ಕೆ ಪಾಸಿಟಿವ್ ಹೇಗೆ ಬಂತು?"

ಅವನು ಬಾಗಿಲ ಕಡೆ ನೋಡಿದ.

"ಮೊದಲ ದಿನವೇ ನೀರೂ ಪಾಸಿಟಿವ್ ಬಂದಿತ್ತು, ಸುಳ್ಳು ಹೇಳಿದವನು ನೀನು. ಬಾಟಲಿ ಕೆಟ್ಟಿದ್ದು ಗೊತ್ತಾದ ಮೇಲೆ ಎಲ್ಲರನ್ನೂ ಮರುಪರೀಕ್ಷೆಗೆ ಕರೆದವನು ನೀನೇ, ನೀನು ಮಾತ್ರ ಮಾಡಿಸಿಕೊಳ್ಳಲಿಲ್ಲ. ಇಲ್ಲಿ ಗಟ್ಟಿಮುಟ್ಟಾಗಿದ್ದೀಯ, ಮನೆಯವರ ಹತ್ತಿರ ನನಗೆ ಇನ್ನೂ ಸೋಂಕಿದೆ ಅಂತೀಯ. ನಿನ್ನೊಬ್ಬನ ಮಾದರಿ ಕೆಡಿಸಿದರೆ ಅನುಮಾನ ಬರುತ್ತೆ. ಅದಕ್ಕೆ ಬಾಟಲಿಯನ್ನೇ ಕೆಡಿಸಿದೆ. ಊರಿಗೆಲ್ಲ ಬಂದಿದೆ, ನಿನಗೂ ಬಂದಿದೆ ಅನ್ನಿಸಲಿ ಅಂತ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅತ್ತಿಗೆ ನನ್ನ ತಟ್ಟೆಗೆ ಉಪ್ಪು ಕೂಡ ಅಳೆದು ಹಾಕ್ತಿದ್ದಳು. ಸಾಕ್ತಿದ್ದದ್ದು ನನ್ನನ್ನಲ್ಲ, ನನ್ನ ಕಿಡ್ನಿಯನ್ನ. ಕೊಡಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಡಾಕ್ಟರ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಸಾಕಿತ್ತು. ಮನಸ್ಸಿಲ್ಲದವನ ಕಿಡ್ನಿ ಅವರು ಮುಟ್ಟಲ್ಲ. ಏನೋ ಕಾರಣ ಹೇಳಿ ಅವರೇ ನಿನ್ನನ್ನ ಬಿಡಿಸ್ತಿದ್ದರು. ಮನೆಯಲ್ಲಿ ಯಾರಿಗೂ ತಿಳೀತಿರಲಿಲ್ಲ."

ಅವನು ತಲೆ ಎತ್ತಿದ. ಅದು ಅವನಿಗೆ ಗೊತ್ತಿರಲಿಲ್ಲ.

"ಏಳು," ಅಂದರು ಇನ್‌ಸ್ಪೆಕ್ಟರ್.